ನೊಗದಿಂದ ಸ್ಟೇರಿಂಗಿನ ತನಕ

ನಮ್ಮ ಅಕ್ಕಲಕೋಟ ಸೀಮೆಯ ಜ್ವಾಳ, ತೊಗರಿ ಸೊಲ್ಲಾಪುರದ ಪ್ಯಾಟಿಗೆ ಮೊದಲು ಹೋಗುತ್ತಿದ್ದುದು ಚಕ್ಕಡಿಯ ಮ್ಯಾಲೆ. ಚಕ್ಕಡಿಗೆ ಸ್ಟೇರಿಂಗ್ ಅಂಬೋದು ಇರಲಿಲ್ಲ. ಎರಡು ಗಾಲಿ, ನಡುವೆ ಒಂದು ಅಚ್ಚು, ಮುಂದ ನೊಗ. ಎತ್ತು ತಿರುಗಿದ ಕಡೆ ಗಾಡಿ ತಿರುಗುತ್ತಿತ್ತು.

ಚಕ್ಕಡಿ ಒಂದು ಬದಿಗೆ ಎಳೆದರೆ ಹಿರಿಯರು ಲಗೂನ ಎತ್ತಿಗೆ ಬಾರಕೋಲು ಎತ್ತುತ್ತಿರಲಿಲ್ಲ. ಇಳಿದು ಹಿಂದ ಹೋಗಿ ಮಣ್ಣಿನಾಗ ಬಿದ್ದ ಜಾಡು ನೋಡುತ್ತಿದ್ದರು. ಎತ್ತಿನ ಹೆಜ್ಜೆ ಎರಡು ಜಾಡಿನ ನಟ್ಟನಡುವೆ ಇರಬೇಕು. ಒಂದು ಕಡೆ ಸರಿದಿದ್ದರೆ ಅಚ್ಚು ನೆಟ್ಟಗೆ ಕೂತಿಲ್ಲ. ಜಾಡು ಹಾವಿನಂಗ ಹೊಯ್ದಾಡಿದರೆ ಗಾಲಿ ಸಡಿಲಾಗಿದೆ. ಆಮೇಲೆ ಬಡಿಗನ ಮನಿ. ಓದು ಬರಹ ಬಾರದ ಮಂದಿ, ಖರೆ ಪರೀಕ್ಷೆ ಮಾಡುವ ಪದ್ಧತಿ ಅವರಿಗೆ ಗೊತ್ತಿತ್ತು.

ನಾಲ್ಕು ಗಾಲಿಯ ಗಾಡಿ ಬಂದಾಗ ಹೊಸ ತೊಡಕು ಬಂತು. ತಿರುವಿನಾಗ ಒಳಗಿನ ಗಾಲಿ ಸಣ್ಣ ವರ್ತುಲ ಸುತ್ತುತ್ತದೆ, ಹೊರಗಿನದು ದೊಡ್ಡ ವರ್ತುಲ. ಎರಡೂ ಒಂದೇ ಸಮ ತಿರುಗಿದರೆ ಒಂದು ಗಾಲಿ ನೆಲಕ್ಕೆ ಉಜ್ಜುತ್ತದೆ. ಮಾಸ್ತರರು ಫಳಿಯ ಮ್ಯಾಲೆ ಎರಡು ವರ್ತುಲ ತೆಗೆದರೆ ಹುಡುಗರಿಗೆ ಚಟ್ಟನೆ ತಿಳಿಯುತ್ತದೆ. ಜರ್ಮನಿಯ ಮ್ಯೂನಿಕ್ ಊರಾಗ ಸಾರೋಟು ಕಟ್ಟುತ್ತಿದ್ದ ಲಂಕೆನ್‌ಸ್ಪೆರ್ಗರ್ ಎಂಬವ ಇದಕ್ಕೆ ಉಪಾಯ ಕಂಡ. ಗಾಲಿ ಒಂದೊಂದಕ್ಕೂ ಬೇರೆ ಕೀಲು, ಎರಡನ್ನೂ ಕೂಡಿಸುವ ಒಂದು ಸಲಾಕಿ. ಒಳಗಿನ ಗಾಲಿ ತುಸು ಹೆಚ್ಚು ತಿರುಗಬೇಕು. 1818ರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿ ಅಕರ್ಮನ್ ಅವನ ಪರವಾಗಿ ಪೇಟೆಂಟ್ ತಗೊಂಡ. ಇವತ್ತು ಜಗತ್ತು ಅದಕ್ಕೆ ಅಕರ್ಮನ್ ಸ್ಟೇರಿಂಗ್ ಅನ್ನುತ್ತದೆ. ಪದ ಕಟ್ಟಿದವನೊಬ್ಬ, ಅಂಕಿತ ಮತ್ತೊಬ್ಬನದು! ಹಾಡುವ ನಮಗೆ ಇದು ಹೊಸದಲ್ಲ.

1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಝ್ ಜೋಡಿ ಕೂಡಿ ಜಮಶೆಡಪುರದಲ್ಲಿ ಲಾರಿ ಕಟ್ಟಲು ಸುರುಮಾಡಿದರು. ಮುಂದ ಉದ್ದ ಮೂತಿ, ಮೂತಿಯ ಮ್ಯಾಲೆ ಮೂರು ಮೊನೆಯ ಚುಕ್ಕಿ. 1969ರಲ್ಲಿ ಆ ಒಪ್ಪಂದ ಮುಗಿದ ಮ್ಯಾಲೆ ಬರೇ ಟಾಟಾ ಹೆಸರು ಉಳಿಯಿತು. ಪುಣೆ–ಹೈದರಾಬಾದ ರಸ್ತೆ, ವಿಜಾಪುರ ರಸ್ತೆ ಎರಡೂ ಸೊಲ್ಲಾಪುರದಾಗ ಕೂಡುತ್ತವೆ. ಹಿಂಗಾಗಿ ಲಾರಿಯ ಕೆಲಸ ನಮ್ಮ ಹುಡುಗರ ಹೊಟ್ಟೆಪಾಡಾಯಿತು.

ಲಾರಿಯ ಮುಂದಿನ ಅಚ್ಚು ಕಮಾನು ಪಾಟಾದ ಮ್ಯಾಲೆ ಕೂತಿರುತ್ತದೆ. ಎರಡು ಗಾಲಿ ಕೂಡಿಸುವುದು ಟೈ ರಾಡ್. ಸ್ಟೇರಿಂಗ್ ಡಬ್ಬಿಯಿಂದ ಗಾಲಿಗೆ ಹೋಗುವುದು ಡ್ರ್ಯಾಗ್ ಲಿಂಕ್. ಸಣ್ಣ ಢಿಕ್ಕಿ ಆದಾಗ ಬಂಪರ್ ನೋಡಿ “ಏನೂ ಆಗಿಲ್ಲ” ಅಂತಾರ. ಪೆಟ್ಟು ಬಂಪರಿಗೆ ಬೀಳದೆ ಗಾಲಿಗೆ ಬಿದ್ದಿದ್ದರೆ ಇವುಗಳಾಗ ಒಂದು ಬಾಗಿರಬಹುದು.

ಒಂದು ಕಬ್ಬಿನ ಸುಗ್ಗಿಯಾಗ ನಮ್ಮ ಕಡೆಯ ಲಾರಿಯೊಂದರ ಎಡಗಾಲಿ ಸೇತುವೆಯ ಕಲ್ಲಿಗೆ ಬಡಿಯಿತು. ಅವತ್ತಿನಿಂದ ಗಾಡಿ ಎಡಕ್ಕೆ ಎಳೆಯತೊಡಗಿತು. ಒಂದು ಗ್ಯಾರೇಜಿನವರು ಟೈ ರಾಡ್ ತಿರುವಿ ರೊಕ್ಕ ತಗೊಂಡರು; ಎಳೆತ ಹೋಗಲಿಲ್ಲ. ಆಗ ಒಬ್ಬ ಹಳೇ ಡ್ರೈವರ್ ಹುಡುಗನಿಗೆ ಅಂದ: “ತಮ್ಮಾ, ಪಾನಾ ಕೆಳಗಿಡು. ಮೊದಲ ನೋಡೂಣು.”

ಅವನು ನೋಡಿದ ಕ್ರಮ ನಾ ಕಣ್ಣಾರೆ ಕಂಡೆ. ಎರಡೂ ಮುಂದಿನ ಟೈರಿನ ಗಾಳಿ ಸಮ ಮಾಡಿದ. ಓಡಿಸಿ ಬಂದು ಗಾಲಿಯ ಗುಂಭಕ್ಕೆ ಕೈ ಹತ್ತಿರ ಒಯ್ದ. ಒಂದೇ ಕಡೆ ಬಿಸಿ ಇದ್ದರೆ ಬ್ರೇಕ್ ಹಿಡಿದಂಗ. ಟೈರು ಎಡಬಲ ಬದಲಿಸಿದ. ಎಳೆತವೂ ಬಲಕ್ಕೆ ಬಂದಿದ್ದರೆ ದೋಷ ಟೈರಿನದು. ಎಳೆತ ಎಡಕ್ಕೇ ಉಳಿಯಿತು. ಆಮೇಲೆ ಟೈರಿಗೆ ಸೀಮೆಸುಣ್ಣದ ಗೆರೆ ಹಾಕಿ ಎರಡು ಟೈರಿನ ನಡುವಿನ ಅಂತರ ಮುಂದ ಒಮ್ಮೆ, ಹಿಂದ ಒಮ್ಮೆ ಅಳೆದ. ಮುಂದಿನ ಅಳತೆ ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು. ಬಹಳ ಫರಕು ಇದ್ದರೆ ಟೈ ರಾಡ್ ನೋಡಬೇಕು. ಗಾಡಿ ನೆಟ್ಟಗ ಹೊಂಟು ಕೈಯಾಗಿನ ಚಕ್ರ ಅಷ್ಟೇ ಸೊಟ್ಟ ಇದ್ದರೆ ಡ್ರ್ಯಾಗ್ ಲಿಂಕ್ ಮ್ಯಾಲೆ ಸಂಶಯ.

ಕಡೆಗೆ ಮುಂದಿನ ಗಾಲಿ ನೆಟ್ಟಗ ನಿಲ್ಲಿಸಿ, ಅದರ ನಡುವಿನಿಂದ ಹಿಂದಿನ ಗಾಲಿಯ ನಡುವಿನ ತನಕ ಎರಡೂ ಬದಿಗೆ ದಾರ ಹಿಡಿದ. ಎಡಕ್ಕೆ ಎರಡು ಬೆರಳು ಕಡಿಮೆ! ಪಾಟಾದ ನಡುವಿನ ಬೋಲ್ಟ್ ತುಂಡಾಗಿ ಅಚ್ಚು ಹಿಂದ ಸರಿದಿತ್ತು. ಲಾರಿ ಗಿಡ್ಡಾದ ಬದಿಗೇ ಎಳೆಯುತ್ತದೆ. ಟೈ ರಾಡ್ ಎಷ್ಟು ತಿರುವಿದರೂ ಅದು ಹೋಗುತ್ತಿರಲಿಲ್ಲ.

ಇನ್ನೊಂದು ಮಾತು ಅವ ಗಟ್ಟಿಯಾಗಿ ಹೇಳಿದ. ಬಾಗಿದ ಟೈ ರಾಡ್, ಡ್ರ್ಯಾಗ್ ಲಿಂಕ್, ಸ್ಟೇರಿಂಗಿನ ತೋಳು ಇವನ್ನು ಕಾಸಿ ಬಡಿದು ನೆಟ್ಟಗ ಮಾಡಬಾರದು. ಕಾಸಿದ ಉಕ್ಕಿನ ಹದ ಕೆಡುತ್ತದೆ, ಎಂದೋ ಒಂದು ದಿನ ತುಂಬಿದ ಗಾಡಿಯಾಗ ಮುರಿಯುತ್ತದೆ. ಹೊಸದೇ ಹಾಕಬೇಕು.

ಕಬ್ಬಿನ ಹೊರೆಯ ಮ್ಯಾಲೆ ಕಡಿಯುವ ಗಂಡಸರು, ಹೆಂಗಸರು, ಕೂಸುಗಳು ಕೂತು ಹೋಗುವುದನ್ನ ನಾವೆಲ್ಲ ನೋಡೀವಿ. ಅವರ ಜೀವ ಆ ಒಂದು ಬೋಲ್ಟಿನ ಮ್ಯಾಲೆ ಇರುತ್ತದೆ. ಅದಕ್ಕೇ ನಮ್ಮೂರ ಡ್ರೈವರ್ ಹುಡುಗರಿಗೆ ಹೇಳತೀನಿ: ಎಷ್ಟೇ ಸಣ್ಣ ಢಿಕ್ಕಿ ಆಗಲಿ, ಹಸಿ ಮಣ್ಣಿನಾಗ ಗಾಡಿ ನೆಟ್ಟಗ ಹತ್ತು ಮಾರು ಓಡಿಸಿ, ಇಳಿದು ಹಿಂದ ಹೋಗ್ರಿ. ಹಿಂದಿನ ಜೋಡಿ ಗಾಲಿಯ ಜಾಡು ಮುಂದಿನ ಜಾಡಿನಿಂದ ಎಡಕ್ಕೂ ಬಲಕ್ಕೂ ಒಂದೇ ಸಮ ಬಿದ್ದದ ಏನು, ನೋಡಿ ಆಮೇಲೆ ಹೊರೆ ಹೇರ್ರಿ.