ಸ್ವಹಾನಿ: ತಿಳಿವಳಿಕೆ ಮತ್ತು ಆರೈಕೆಯ ಇತಿಹಾಸ

ಸಾಯುವ ಉದ್ದೇಶವಿಲ್ಲದೆ, ತಾಳಲಾರದ ಮನೋವೇದನೆಯಿಂದ ತುಸು ಹೊತ್ತು ಪಾರಾಗಲೆಂದು ತನ್ನ ದೇಹಕ್ಕೆ ತಾನೇ ಗಾಯ ಮಾಡಿಕೊಳ್ಳುವುದನ್ನು ಇಲ್ಲಿ ಸ್ವಹಾನಿ ಎನ್ನಲಾಗಿದೆ. ಇದು ಹೆಚ್ಚಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ.

ಸ್ವಹಾನಿಯು ಸೋತ ಆತ್ಮಹತ್ಯೆಯಲ್ಲ, ಸಾವನ್ನು ದೂರವಿಡಲು ಮನಸ್ಸು ಮಾಡಿಕೊಳ್ಳುವ ರಾಜಿ ಎಂದು ಅಮೆರಿಕದ ಮನೋವೈದ್ಯ ಕಾರ್ಲ್ ಮೆನ್ನಿಂಗರ್ 1938ರಲ್ಲೇ ವಾದಿಸಿದ್ದರು. ಆ ಒಳನೋಟ ಬಹುಕಾಲ ವಾರ್ಡುಗಳನ್ನು ತಲುಪಲಿಲ್ಲ. 1960ರ ದಶಕದ ವೈದ್ಯಕೀಯ ಬರಹಗಳು ಇದನ್ನು ಆಸ್ಪತ್ರೆ ಸೇರಿದ ತರುಣಿಯರ ಕಾಯಿಲೆಯೆಂಬಂತೆ ಚಿತ್ರಿಸಿದವು. ಗಂಡಸರ ನೋವು ಲೆಕ್ಕಕ್ಕೇ ಬರಲಿಲ್ಲ. 1987ರಲ್ಲಿ ಅಮೆರಿಕದ ಮನೋವೈದ್ಯ ಅರ್ಮಾಂಡೊ ಫವಾಝಾ ಈ ವಿಷಯಕ್ಕೆಂದೇ ಒಂದು ಗ್ರಂಥ ಬರೆದರು.

ಆದರೂ ನೋಟ ಬದಲಿಸಿದ ಹೆಚ್ಚಿನ ಶ್ರೇಯಸ್ಸು ಸಲ್ಲಬೇಕಾದುದು ಈ ನೋವನ್ನು ಉಂಡವರಿಗೇ. 1980ರ ದಶಕದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಅವರು ಬಹಿರಂಗವಾಗಿ ಮಾತಾಡತೊಡಗಿದರು. ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಕೇಳಿದ ಬೈಗುಳ, 'ಗಮನ ಸೆಳೆಯುವ ನಾಟಕ' ಎಂಬ ಚುಚ್ಚುಮಾತು, ಅರಿವಳಿಕೆ ಕೊಡದೆ ಹಾಕಿದ ಹೊಲಿಗೆ, ಎಲ್ಲವೂ ಹೊರಬಂದವು. ಅವರಲ್ಲೊಬ್ಬರಾದ ಲೂಯಿಸ್ ಪೆಂಬ್ರೋಕ್ ಸಂಪಾದಿಸಿದ ಅನುಭವ ಕಥನಗಳು 1994ರಲ್ಲಿ ಪ್ರಕಟವಾದವು. ಮುಂದೆ 2004ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ (NICE) ಸಂಸ್ಥೆಯ ಮಾರ್ಗಸೂಚಿ, ಇಂಥವರನ್ನು ಬೇರೆಲ್ಲ ರೋಗಿಗಳಷ್ಟೇ ಗೌರವದಿಂದ ಕಾಣಬೇಕು, ಹೊಲಿಗೆ ಹಾಕುವಾಗ ನೋವು ನಿವಾರಕ ಕೊಡಬೇಕು ಎಂದು ವಿಧಿಸಿತು. ಇಷ್ಟನ್ನೂ ಬರೆದು ಹೇಳಬೇಕಾಯಿತೆಂಬುದೇ ಆ ಹಿಂದಿನ ಕ್ರೌರ್ಯಕ್ಕೆ ಸಾಕ್ಷಿ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮನೋಚಿಕಿತ್ಸೆಯನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಉಕ್ಕಿಬರುವ ಭಾವನೆಯನ್ನು ಗಾಯವಿಲ್ಲದೆ ದಾಟುವುದನ್ನು ಅದು ಕಲಿಸುತ್ತದೆ. ತಾವೂ ಹರೆಯದಲ್ಲಿ ಸ್ವಹಾನಿಗೆ ಒಳಗಾಗಿದ್ದುದನ್ನು ಅವರು 2011ರಲ್ಲಿ ಬಹಿರಂಗಪಡಿಸಿದರು.

ಭಾರತದಲ್ಲಿ ಪೊಲೀಸ್ ಕೇಸಿನ ಭಯ ಮನೆಮಂದಿಯ ಬಾಯಿ ಕಟ್ಟಿಸಿತ್ತು. ಸ್ವಹಾನಿಯ ಗಾಯವನ್ನು ಆತ್ಮಹತ್ಯಾ ಯತ್ನವೆಂದು ತಿಳಿದಾರೆಂಬ ಅಂಜಿಕೆ ಅದು; ಆತ್ಮಹತ್ಯಾ ಯತ್ನ ಭಾರತೀಯ ದಂಡ ಸಂಹಿತೆಯ (ಐಪಿಸಿ) 309ನೇ ಕಲಮಿನಡಿ ಅಪರಾಧವಾಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥ ಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿತು. 2024ರ ಜುಲೈನಲ್ಲಿ ಜಾರಿಯಾದ ಹೊಸ ಸಂಹಿತೆಯಲ್ಲಿ ಆ ಕಲಮು ಉಳಿದಿಲ್ಲ.

ಮನೆಯಲ್ಲಿ ಮಗುವಿನ ಮೈಮೇಲೆ ಗಾಯ ಕಂಡಾಗ ಗದರಿಸುವುದು, ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಅದರಿಂದ ಬಚ್ಚಿಡುವಿಕೆ ಹೆಚ್ಚುತ್ತದೆ. ಮೊದಲು ಗಾಯಕ್ಕೆ ಔಷಧ ಹಾಕಿ, ಪಕ್ಕದಲ್ಲಿ ಕುಳಿತು ಕೇಳಬೇಕು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಲೂ ಅಂಜಬೇಕಿಲ್ಲ. ಸ್ವಹಾನಿಯ ಹಿನ್ನೆಲೆಯುಳ್ಳವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಹೆಚ್ಚಿರುವುದರಿಂದ ವೈದ್ಯರ ನೆರವು ಅಗತ್ಯ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ದೊರೆಯುತ್ತದೆ.