ಬ್ಲೇಡು ಹಿಡಿದು ಎಡಿಟಿಂಗ್: ಅಹಮದಾಬಾದಿನ ಟೇಪುಗಳು

ಕಾಲೇಜು ಹುಡುಗರು ಹಾಡಿನ ವಿಡಿಯೋ ಎಡಿಟ್ ಮಾಡೋದನ್ನ ನೋಡಿರ್ತೀರಿ. ಬೀಟ್ ಬಿದ್ದ ಕಡೆ ಒಂದು ಕಟ್, ಸರಿಬರದಿದ್ರೆ ಅಂಡೂ. 1969ರಲ್ಲಿ ಅಹಮದಾಬಾದಿನ ಎನ್‌ಐಡಿಯಲ್ಲಿ ಅಂಡೂ ಇರಲಿಲ್ಲ. ಆ ವರ್ಷ ಅಮೆರಿಕದ ಡೇವಿಡ್ ಟ್ಯೂಡರ್ ಅಲ್ಲಿ ಮೂಗ್ ಸಿಂಥಸೈಸರ್ ಇಟ್ಟು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಕಟ್ಟಿಕೊಟ್ಟರು. ಇದರ ಹಿಂದಿದ್ದವರು ಗೀತಾ ಸಾರಾಭಾಯಿ. 1946ರಲ್ಲೇ ನ್ಯೂಯಾರ್ಕಿನಲ್ಲಿ ಜಾನ್ ಕೇಜ್‌ಗೆ ನಮ್ಮ ಸಂಗೀತ ಹೇಳಿಕೊಟ್ಟವರು.

ಆಗಿನ ಟೇಪ್ ಎಡಿಟಿಂಗ್ ಅಂದ್ರೆ ಕೈಕೆಲಸ. ರೀಲನ್ನ ಬೆರಳಲ್ಲೇ ಹಿಂದೆಮುಂದೆ ತಿರುಗಿಸಿ ಸದ್ದು ಶುರುವಾಗೋ ಜಾಗ ಹುಡುಕಬೇಕು, ಪೆನ್ಸಿಲ್ ಗುರುತು ಹಾಕಿ ಬ್ಲೇಡಲ್ಲಿ ಓರೆಯಾಗಿ ಕೊಯ್ದು ಅಂಟಿಸಬೇಕು. ಸ್ಟುಡಿಯೋ ವೇಗದಲ್ಲಿ ಸೆಕೆಂಡಿಗೆ 38 ಸೆಂ.ಮೀ. ಟೇಪ್ ಓಡುತ್ತೆ. ಅರ್ಧ ಸೆಕೆಂಡ್ ತೆಗೀಬೇಕಾ? ಹೆಚ್ಚುಕಮ್ಮಿ ಒಂದು ಗೇಣು ಕತ್ತರಿಸಿ.

ಅಲ್ಲಿ ಸಂಗೀತ ಮಾಡಿದವರಲ್ಲಿ ಜಿನರಾಜ್ ಜೋಶಿಪುರ ಆಗಿನ್ನೂ ಆರ್ಕಿಟೆಕ್ಚರ್ ಓದುತ್ತಿದ್ದ ಹುಡುಗ. (ಇಂಥ ವಿದ್ಯಾರ್ಥಿ ಪ್ರಾಜೆಕ್ಟ್ ನಮಗ್ಯಾರಿಗೂ ಸಿಗಲಿಲ್ಲ ಬಿಡಿ.) 1969ರಿಂದ 72ರವರೆಗಿನ ಆ ಟೇಪುಗಳು ದಶಕಗಟ್ಟಲೆ ಸಂಸ್ಥೆಯಲ್ಲೇ ಕೂತಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಹುಡುಕಿ ತೆಗೆದ ಮೇಲೆ 2023ರಲ್ಲಿ ಆಲ್ಬಂ ಆಗಿ ಹೊರಬಂದವು. ಐವತ್ತು ವರ್ಷ ಕಳೆದರೂ ಹಾಡಿದವು. ನನ್ನ ಎಂಟೆಕ್ ಕಾಲದ ವಿಡಿಯೋ ಪ್ರಾಜೆಕ್ಟ್ ತೆರೆದ್ರೆ ಬರೋದು ‘ಮೀಡಿಯಾ ಆಫ್‌ಲೈನ್’ ಅಷ್ಟೇ.