ಆತ್ಮಸಾಕ್ಷಿ ಎಂಬ ಬೇಲಿಗೂಟ

ಹೈದರಾಬಾದಿನ ಬಾಲಾನಗರದ ಫ್ಲೈಓವರ್ ಕೆಳಗೆ ಚಹಾ ಕುಡಿಯುತ್ತ ನಿಂತಿದ್ದೆ. ಪಕ್ಕದಲ್ಲಿ ಲೇಥ್ ವರ್ಕ್‌ಶಾಪಿನ ಇಬ್ಬರು ಹುಡುಗರು, ಕೈಗೆಲ್ಲ ಗ್ರೀಸು, ಒಂದೇ ಮೊಬೈಲಿನಲ್ಲಿ ಕನ್ನಡ ಸುದ್ದಿ ನೋಡುತ್ತಿದ್ದರು. ಮಾತಿನ ಧಾಟಿ ಸೇಡಂ, ಚಿತ್ತಾಪುರದ ಕಡೆಯದು. ಒಬ್ಬ ಕೇಳಿದ: "ಏ, ಈ ಸರ್ತಿ ಆತ್ಮಸಾಕ್ಷಿ ರೇಟ್ ಎಷ್ಟ್ ನಡದದಂತೋ?" ಇನ್ನೊಬ್ಬ ಕಣ್ಣೆತ್ತದೆ, "ಹ್ವಾದ ಸರ್ತಿಗಿಂತ ಜಾಸ್ತಿ ಅದ ಅಂತಪ" ಎಂದ. ಗಂಜಿನಲ್ಲಿ ತೊಗರಿ ಧಾರಣೆ ವಿಚಾರಿಸಿದ ಹಾಗೆ. ದನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಅವರ ಪಾಲಿಗೆ ಆತ್ಮಸಾಕ್ಷಿ ಎಂದರೆ ಅಡ್ಡಮತದಾನದ ಇನ್ನೊಂದು ಹೆಸರು, ಅಷ್ಟೇ.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಟೀವಿಯವರು ಕಲಿಸಿದ್ದನ್ನೇ ಆಡಿದರು. ರಾಜ್ಯಸಭೆ ಚುನಾವಣೆ ಬಂತೆಂದರೆ ಈ ಪದಕ್ಕೆ ಉಸಿರಾಡಲೂ ಪುರಸೊತ್ತಿಲ್ಲ. ಎಣಿಕೆ ಮುಗಿದ ಮರುದಿನ ಹುಡುಕಿದರೂ ಸಿಗುವುದಿಲ್ಲ. ರೆಸಾರ್ಟಿನ ಬಸ್ಸಿನಲ್ಲೇ ಬರುತ್ತದೆ, ರೆಸಾರ್ಟಿನ ಬಸ್ಸಿನಲ್ಲೇ ಹೋಗುತ್ತದೆ.

ನಾವು ನಿಂತಿದ್ದ ಫ್ಲೈಓವರಿಗೆ ಬಾಬು ಜಗಜೀವನ್ ರಾಮ್ ಅವರ ಹೆಸರು. 2021ರ ಜುಲೈಯಲ್ಲಿ ಉದ್ಘಾಟನೆಯಾಯಿತು. ಈ ಪದವನ್ನು ಪಕ್ಷ ರಾಜಕಾರಣಕ್ಕೆ ಎಳೆದು ತಂದವರಲ್ಲಿ ಅವರೂ ಒಬ್ಬರು ಎಂಬುದು ಫ್ಲೈಓವರ್ ಮೇಲೆ ಹೋಗುವವರಿಗೂ ಗೊತ್ತಿಲ್ಲ, ಕೆಳಗೆ ಚಹಾ ಕುಡಿಯುವವರಿಗೂ ಗೊತ್ತಿಲ್ಲ. 1969ರ ಜುಲೈ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ರಾಷ್ಟ್ರಪತಿ ಸ್ಥಾನಕ್ಕೆ ಇಂದಿರಾ ಗಾಂಧಿ ಹೇಳಿದ ಹೆಸರು ಜಗಜೀವನ್ ರಾಮ್. ಪಾರ್ಲಿಮೆಂಟರಿ ಬೋರ್ಡು ಆರಿಸಿದ್ದು ನೀಲಂ ಸಂಜೀವ ರೆಡ್ಡಿಯವರನ್ನು. ಪಕ್ಷದ ಅಧ್ಯಕ್ಷರು ನಮ್ಮ ಚಿತ್ರದುರ್ಗದ ನಿಜಲಿಂಗಪ್ಪ. ಇಂದಿರಾ ರೆಡ್ಡಿಯವರ ನಾಮಪತ್ರಕ್ಕೆ ಸಹಿಯನ್ನೂ ಹಾಕಿದರು, ಆಮೇಲೆ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದೂ ಹೇಳಿದರು. ಜಗಜೀವನ್ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹಮದ್ ಅದನ್ನೇ ಕೇಳಿ ನಿಜಲಿಂಗಪ್ಪನವರಿಗೆ ಪತ್ರ ಬರೆದರು. ಆಗಸ್ಟಿನಲ್ಲಿ ರೆಡ್ಡಿಯವರ ಎದುರಾಳಿ ವಿ.ವಿ. ಗಿರಿ ಗೆದ್ದರು, ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ಸು ಎರಡು ಹೋಳಾಯಿತು.

ಹಿಂದಿಯವರು ಆಗ ಈ ಆತ್ಮಸಾಕ್ಷಿಗೆ ಅಂತರಾತ್ಮದ ದನಿ ಎಂದರು. ಇಲ್ಲಿ ತೆಲುಗಿನವರು ಆತ್ಮಪ್ರಬೋಧ ಎಂದರು. ಅಂದರೆ ಹಿಂದಿಯ ಆತ್ಮ ಕೂಗುತ್ತದೆ, ತೆಲುಗಿನ ಆತ್ಮ ಪಾಠ ಹೇಳುತ್ತದೆ, ಕನ್ನಡದ ಆತ್ಮ ಮಾತ್ರ ಕಟಕಟೆ ಹತ್ತಿ ನಿಲ್ಲುತ್ತದೆ. ನನ್ನ ಬಹುಕಾಲದ ವಾದ ಇದು. ಭಾಷಾ ಪಂಡಿತರು ಒಪ್ಪುವುದಿಲ್ಲ, ಬೇಡ. ಗುಡಿಯಲ್ಲೋ ಮಠದಲ್ಲೋ ಈ ಪದ ಯಾವಾಗ ಹುಟ್ಟಿತೋ, ಇವತ್ತು ನಾವು ಆಡುವ ಅರ್ಥಕ್ಕೆ ಅದು ತಯಾರಾದದ್ದು ಮುನಸೀಫ ಕೋರ್ಟಿನ ವರಾಂಡದಲ್ಲಿ. ಕೋರ್ಟಿನಲ್ಲಿ ಸಾಕ್ಷಿ ಎಂದ ಮೇಲೆ ಕರೆತರುವ ಕಕ್ಷಿದಾರ ಇರಬೇಕು, ಹೇಳಿಕೊಡುವ ವಕೀಲ ಇರಬೇಕು, ಭತ್ಯೆಯೂ ಇರಬೇಕು.

ಗಾದೆ ಕಟ್ಟಿದವರಿಗೆ ಇದು ಮೊದಲೇ ತಿಳಿದಿತ್ತು. "ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ." ಕೆಲವು ಕಡೆ ಬರೀ "ಬೇಲಿ ಸಾಕ್ಷಿ" ಎನ್ನುತ್ತಾರೆ, ನನಗೆ ಗೂಟವೇ ಬೇಕು. ಓತಿಕ್ಯಾತವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಗೂಟದ ನೆತ್ತಿಯ ಮೇಲೆ ಮುಂಗಾಲೂರಿ ಕೂತು ತಲೆ ಮೇಲೆ ಕೆಳಗೆ ಆಡಿಸುತ್ತದೆ. ಯಾರು ಏನು ಕೇಳಿದರು ಎಂಬ ಗೊಡವೆ ಅದಕ್ಕಿಲ್ಲ; ಕೇಳುವ ಮೊದಲೇ ಹೌದು, ಹೌದು. ಬಿಸಿಲೇರಿದ ಹಾಗೆ ಬಣ್ಣ ಬದಲಾಗುತ್ತದೆ, ತಲೆಯಾಡಿಸುವುದು ಬದಲಾಗುವುದಿಲ್ಲ. ಅದು ಹೇಳಿದ್ದು ನಿಜವೋ ಸುಳ್ಳೋ ಎಂದು ಗೂಟವನ್ನು ಕೇಳಿದರೆ ಗೂಟಕ್ಕೆ ಬಾಯಿಲ್ಲ. ಸರಿ, ಗೂಟವನ್ನು ಅಲ್ಲಿ ನೆಟ್ಟವರು ಯಾರು? ಹೊಲದ ಯಜಮಾನ. ಗಾದೆ ಬಾಯಿಬಿಟ್ಟು ಹೇಳದ ಮಾತು ಇದೇ. ನಮ್ಮ ಜನ ಈ ಗಾದೆಯನ್ನು ಕಳ್ಳನಿಗೆ ಕಳ್ಳ ಜೊತೆಗಾರ ಎಂಬ ಅರ್ಥದಲ್ಲಿ ಬಳಸಿ ಮುಗಿಸುತ್ತಾರೆ. ನನಗೆ ಅದು ಸಾಲದು. ಪ್ರಾಣಿ ತಲೆಯಾಡಿಸಬಹುದು, ಗೂಟ ಸುಮ್ಮನಿರಬಹುದು, ಬೇಲಿ ಮಾತ್ರ ಯಾರದೋ ಆಸ್ತಿಯನ್ನು ಕಾಯುತ್ತಲೇ ಇರುತ್ತದೆ.

ಈ ಬೇಲಿಗೆ ಬೆಳಗಾವಿಯ ಹೆಣ್ಣುಮಗಳೊಬ್ಬಳು ಸಿಕ್ಕಿಬಿದ್ದ ಕತೆ ಕನ್ನಡಿಗರಿಗೆ ಮರೆಯುವಂಥದಲ್ಲ. ಸವಿತಾ ಹಾಲಪ್ಪನವರ, ದಂತವೈದ್ಯೆ, ವಯಸ್ಸು 31. ಐರ್ಲೆಂಡಿನ ಗಾಲ್ವೇ ಆಸ್ಪತ್ರೆಗೆ 2012ರ ಅಕ್ಟೋಬರ್ 21ರಂದು ಸೇರಿದಾಗ 17 ವಾರದ ಬಸಿರು. ಅದು ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದರು. ತೆಗೆದುಬಿಡಿ ಎಂದು ಸವಿತಾ ಕೇಳಿದರು. ಭ್ರೂಣದ ಎದೆಬಡಿತ ಇರುವ ತನಕ ಆಗದು ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂದು ಅಲ್ಲಿಯ ಸೂಲಗಿತ್ತಿ ನರ್ಸೊಬ್ಬರು ಹೇಳಿದ್ದು ಆಮೇಲೆ ವಿಚಾರಣೆಯಲ್ಲಿ ದಾಖಲಾಯಿತು. ನಂಜೇರಿ ಅಕ್ಟೋಬರ್ 28ಕ್ಕೆ ಸವಿತಾ ತೀರಿಕೊಂಡರು.

ತಾಯಿಗೂ ಹುಟ್ಟದ ಕೂಸಿಗೂ ಬದುಕುವ ಹಕ್ಕು ಸಮ ಎಂದು ಅಲ್ಲಿಯ ಸಂವಿಧಾನಕ್ಕೆ 1983ರಲ್ಲಿ ಎಂಟನೆಯ ತಿದ್ದುಪಡಿ ಸೇರಿಸಿದ್ದರು. ತಾಯಿಯ ಜೀವಕ್ಕೇ ಅಪಾಯವಿದ್ದರೆ ಗರ್ಭಪಾತ ಮಾಡಬಹುದು ಎಂದು 1992ರಲ್ಲಿ ಸುಪ್ರೀಂ ಕೋರ್ಟು ಹೇಳಿದರೂ, ಇಪ್ಪತ್ತು ವರ್ಷ ಬಂದ ಸರಕಾರಗಳೆಲ್ಲ ಕಾನೂನು ಮಾಡದೆ ಕೂತವು. ಪಕ್ಷದೊಳಗಿನ ಸಂಪ್ರದಾಯಸ್ಥರನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಸವಿತಾ ಸತ್ತ ಮೇಲೆ ಫಿನ ಗೇಲ್ ಪಕ್ಷದ ಪ್ರಧಾನಿ ಎಂಡಾ ಕೆನ್ನಿ 2013ರಲ್ಲಿ, ಅಷ್ಟಕ್ಕೇ ಸೀಮಿತವಾದ ಒಂದು ಮಸೂದೆ ತಂದರು. ಆತ್ಮಸಾಕ್ಷಿಯ ಮತಕ್ಕೆ ಬಿಡಿ ಎಂದು ಅವರ ಪಕ್ಷದವರೇ ಕೆಲವರು ಪಟ್ಟು ಹಿಡಿದರು. ಕೆನ್ನಿ ಒಪ್ಪದೆ ವಿಪ್ ಕೊಟ್ಟರು. ಸಚಿವೆಯಾಗಿದ್ದ ಲುಸಿಂಡಾ ಕ್ರೈಟನ್ ಸೇರಿ ಐವರು ಸಂಸದರು ವಿರುದ್ಧ ಮತ ಹಾಕಿ ಶಾಸಕಾಂಗ ಪಕ್ಷದಿಂದ ಹೊರಬಿದ್ದರು. ಕ್ರೈಟನ್ ಹೊಸ ಪಕ್ಷ ಕಟ್ಟಿ 2016ರಲ್ಲಿ ಸೋತರು. ಅವರ ನಿಲುವು ನನಗೆ ಒಪ್ಪಿಗೆಯಿಲ್ಲ. ಆದರೆ ಮಂತ್ರಿಗಿರಿ ಬಿಟ್ಟು ಆಡಿದ ಆತ್ಮಸಾಕ್ಷಿಯ ಮಾತಿಗೂ ರೆಸಾರ್ಟಿನಲ್ಲಿ ಆಡುವ ಆತ್ಮಸಾಕ್ಷಿಯ ಮಾತಿಗೂ ಇರುವ ಅಂತರವನ್ನು ಹೇಳದೆ ಹೋದರೆ ತಪ್ಪಾದೀತು.

ಆಗ ವಿರೋಧ ಪಕ್ಷವಾಗಿದ್ದ ಫಿಯನ ಫಾಲ್‌ನಲ್ಲಿ ಇನ್ನೂ ವಿಚಿತ್ರ. 2018ರ ಜನವರಿಯಲ್ಲಿ ಅದರ ನಾಯಕ ಮಿಹಾಲ್ ಮಾರ್ಟಿನ್ ಎಂಟನೆಯ ತಿದ್ದುಪಡಿ ಹೋಗಲಿ ಎಂದರು; ಅವರ ಸಂಸದರು, ಸೆನೆಟರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಲಾಗಿ ನಿಂತು ಬೇಡ ಎಂದು ಫೋಟೊ ತೆಗೆಸಿಕೊಂಡರು. ಮೇ 25ರ ಜನಮತಗಣನೆಯಲ್ಲಿ ಶೇ 66.4ರಷ್ಟು ಜನ ಹೋಗಲಿ ಎಂದರು. ಬೆಳಗಾವಿಯಿಂದ ಸವಿತಾರ ತಂದೆಯೂ ಅದನ್ನೇ ಕೇಳಿಕೊಂಡಿದ್ದರು. ಇಷ್ಟು ವರ್ಷದ ಈ ಎಲ್ಲ ಗದ್ದಲದಲ್ಲಿ ಸಂಸದರ ಆತ್ಮಸಾಕ್ಷಿ, ಪಾದ್ರಿಗಳ ಆತ್ಮಸಾಕ್ಷಿ, ವೈದ್ಯರ ಆತ್ಮಸಾಕ್ಷಿ ಎಲ್ಲಕ್ಕೂ ಜಾಗ ಸಿಕ್ಕಿತು. ಮಂಚದ ಮೇಲೆ ಮಲಗಿದ್ದ ಹೆಂಗಸಿಗೂ ಒಂದು ಇದ್ದೀತು ಎಂದು ಬಹಳ ತಡವಾಗಿ ನೆನಪಾಯಿತು.

ನಮ್ಮಲ್ಲಿ ಹಾಗಲ್ಲ ಎಂದು ಬೀಗುವವರಿದ್ದಾರೆ. ನಿಜ, ಗರ್ಭಪಾತದ ಮೇಲೆ ಇಲ್ಲಿ ಯಾವ ದೊಡ್ಡ ಪಕ್ಷವೂ ಒಡೆದಿಲ್ಲ. ಶಾಂತಿಲಾಲ್ ಶಾ ಸಮಿತಿಯ ವರದಿಯ ಮೇಲೆ 1971ರಲ್ಲೇ ಕಾನೂನಾಯಿತು. 2021ರಲ್ಲಿ ಕೆಲವು ವರ್ಗದ ಹೆಂಗಸರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿದ್ದು ಧ್ವನಿಮತದಿಂದ. ಧ್ವನಿಮತ ಎಂದರೆ ಯಾರ ಆತ್ಮಸಾಕ್ಷಿ ಏನೆಂದಿತೋ ಕಡತದಲ್ಲಿ ಗುರುತೇ ಉಳಿಯುವುದಿಲ್ಲ. ಓತಿಕ್ಯಾತಕ್ಕೆ ಇದಕ್ಕಿಂತ ಸುಖದ ಗೂಟ ಎಲ್ಲಿ ಸಿಕ್ಕೀತು? ಆ ಕಾನೂನಿನಲ್ಲೂ ಕೊನೆಯ ಮಾತು ನೋಂದಾಯಿತ ವೈದ್ಯರ ಅಭಿಪ್ರಾಯದ್ದು. ಹೆಂಗಸಿನ ಒಪ್ಪಿಗೆ ಬೇಕು, ಆದರೆ ಆಕೆಯ ತೀರ್ಮಾನವೊಂದೇ ಸಾಲದು.

ನಮ್ಮಜ್ಜಿ ಧಾರವಾಡದ ಹಳ್ಳಿಯವಳು. ಆತ್ಮಸಾಕ್ಷಿ ಎಂಬ ಪದ ಅವಳ ಬಾಯಲ್ಲಿ ನಾನು ಕೇಳಿಲ್ಲ. ಮನಸ್ಸಿಗೆ ಒಗ್ಗದ್ದಕ್ಕೆ "ನನ್ನ ಕಳ್ಳು ಒಪ್ಪವಲ್ದು" ಎನ್ನುತ್ತಿದ್ದಳು. ಕಳ್ಳು ಅಂದರೆ ಕುಡಿಯುವುದಲ್ಲ, ಕರುಳು. ಅಲ್ಲಿ ಕರುಳುಬಳ್ಳಿಗೂ ಕಳ್ಳುಬಳ್ಳಿಯೇ. ಎಪ್ಪತ್ತರ ದಶಕದಲ್ಲಿ ನೆರೆಮನೆಯಾಕೆ ನಾಲ್ಕು ಮಕ್ಕಳಾದ ಮೇಲೆ ನಿಂತ ಬಸಿರನ್ನು ತೆಗೆಸಲು ಹೊರಟಾಗ ಅಜ್ಜಿಯೇ ಜೊತೆಗೆ ಹೋದಳು. ಕಟ್ಟೆಯ ಮೇಲೆ ಕೂತ ಹಿರಿಯರು ಪಾಪಪುಣ್ಯದ ಮಾತು ತೆಗೆದರು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಅಂದದ್ದಿಷ್ಟು: "ಆಕಿ ಕಳ್ಳು ಆಕಿಗೆ ಗೊತ್ತೈತಿ, ನೀವ್ ನಿಮ್ಮ ಎಲಿ ಅಡಿಕಿ ನೋಡ್ಕೋರಿ." ಒಳ್ಳೆಯದು ಕೆಟ್ಟದ್ದು ತಿಳಿಯುವ ಜಾಗವೂ ಬಸಿರಿನ ಜಾಗವೂ ಆ ಮಾತಿನಲ್ಲಿ ಒಂದೇ. ಕರುಳಿಗೆ ಕಕ್ಷಿದಾರ ಬೇಡ, ವಿಪ್ ಬೇಡ. ಇದು ಗಂಡಸರ ಆತ್ಮಸಾಕ್ಷಿಗಿಂತ ಹಳೆಯ ಕನ್ನಡ ಎಂದು ನಾನು ಆಧಾರವಿಲ್ಲದೆಯೇ ನಂಬಿದ್ದೇನೆ.

ನಮ್ಮ ಪತ್ರಿಕೆಗಳಲ್ಲಿ ಈಗ ಕರುಳು ಉಳಿದಿರುವುದು "ಕರುಳು ಹಿಂಡುವ ದೃಶ್ಯ"ದಲ್ಲಿ ಮಾತ್ರ. ಬೀದರ್, ರಾಯಚೂರು, ಕಾಸರಗೋಡಿನ ಕಡೆ ಮನೆಯ ಹೆಂಗಸರು ಅಜ್ಜಿಯ ಕಳ್ಳಿನ ಅರ್ಥಕ್ಕೆ ಬೇರೆ ಯಾವ ಮಾತು ಆಡುತ್ತಾರೆ? ನಿಮ್ಮ ಅವ್ವನನ್ನೋ ಅತ್ತೆಯನ್ನೋ ಕೇಳಿ ಒಂದು ಸಾಲು ಬರೆದು ಕಳಿಸಿ. ರಾಜ್ಯಸಭೆ ಚುನಾವಣೆಯ ಉದಾಹರಣೆ ಮಾತ್ರ ಬೇಡ.